ಪಿಎಚ್‌ಪಿಯಲ್ಲಿ ಪ್ಯಾಕ್ ಬಳಸಿದವರು ಹೇಳಿ: 500 ಕೆಜಿ ಹೇಗೆ 62,465 ಆಯಿತು?

ವಿಜಯಪುರದಿಂದ ಪ್ರಶ್ನೆ
ಕಬ್ಬಿನ ತೂಕದ ಕಾಟಾದ ವಿವರವನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 26 ಬೈಟ್‌ಗಳ ಬೈನರಿ ಸ್ಟ್ರಿಂಗ್ (ಬೈಟ್‌ಗಳ ಸರ; ಒಂದು ಬೈಟ್ ಅಂದರೆ 0ರಿಂದ 255ರವರೆಗಿನ ಒಂದು ಸಂಖ್ಯೆ) ಮಾಡಿ ಯಾರ್ಡಿನ ಹಳೆಯ ಪ್ರೋಗ್ರಾಮಿಗೆ ಕಳಿಸಬೇಕಿದೆ. ಗಾಡಿಯ ಕ್ರಮಸಂಖ್ಯೆಗೆ 4 ಬೈಟ್, ತೂಕಕ್ಕೆ 2, ಊರಿನ ಹೆಸರಿಗೆ 20. ಅದರ ಕೈಪಿಡಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಮೊದಲು ಸಂಖ್ಯೆಯನ್ನು 0, 1ರಲ್ಲಿ ಬರೆಯುವ ಡೆಕ್‌ಬಿನ್ ಹಾಕಿದೆ, ಉದ್ದವೇ ಹೊಂದಲಿಲ್ಲ. ಈಗ ಮೌಲ್ಯಗಳನ್ನು ಬೈಟ್‌ಗಳಾಗಿ ಜೋಡಿಸುವ ಪ್ಯಾಕ್‌ಗೆ ತೂಕಕ್ಕಾಗಿ ಸಣ್ಣ ಎನ್, ಹೆಸರಿಗಾಗಿ ದೊಡ್ಡ ಎ 20 ಎಂಬ ಸಂಕೇತಗಳನ್ನು ಕೊಟ್ಟಿದ್ದೇನೆ. 500 ಕೆಜಿ ಇಟ್ಟರೆ ಅತ್ತ 62,465 ಬರುತ್ತಿದೆ. ಬೆಳಗಾವಿ ಎಂದು ಕಳಿಸಿದರೆ ಕೊನೆಯಲ್ಲಿ ಕಸ. ಹಂಗಾಮು ಶುರುವಾಗಲು ಒಂದೇ ವಾರವಿದೆ.

ಬೆಳಗಾವಿ, ಉದ್ಯಮಬಾಗ
ಸರ್, ನಿಮ್ಮ 62,465 ನೋಡಿ ನಗು ಬಂತು, ಕ್ಷಮಿಸಿ. ಫೌಂಡ್ರಿಯೊಂದರ ಕುಲುಮೆಯ ಉಷ್ಣಾಂಶ ಓದುವಾಗ ನಾನೂ ಇದೇ ಹಳ್ಳಕ್ಕೆ ಬಿದ್ದು ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ. 500 ಅನ್ನು ಹದಿನಾರರ ಲೆಕ್ಕದಲ್ಲಿ ಬರೆದರೆ 01 ಎಫ್4. ಸಣ್ಣ ಎನ್ ಮೇಲಿನ ಸ್ಥಾನದ ಬೈಟನ್ನು ಮುಂದಿಟ್ಟು ಕಳಿಸುತ್ತದೆ. ನಿಮ್ಮ ಹಳೆಯ ಪ್ರೋಗ್ರಾಂ ಮೊದಲು ಬಂದದ್ದನ್ನು ಕೆಳಗಿನ ಸ್ಥಾನವೆಂದು ತಿಳಿಯುತ್ತದೆ. ಎಫ್4 ಅಂದರೆ 244. ಅದನ್ನು 256ರಿಂದ ಗುಣಿಸಿ 1 ಕೂಡಿಸಿ ನೋಡಿ, ನಿಮ್ಮ ಸಂಖ್ಯೆ ಸಿಗುತ್ತದೆ. ತೂಕಕ್ಕೆ ಸಣ್ಣ ವಿ ಕೊಡಿ, ಕ್ರಮಸಂಖ್ಯೆಗೆ ದೊಡ್ಡ ವಿ. ಎಸ್ ಅಕ್ಷರದ ಗೊಡವೆಗೆ ಹೋಗಬೇಡಿ, ಅದು ಆಯಾ ಯಂತ್ರದ ಕ್ರಮವನ್ನು ಹಿಡಿಯುತ್ತದೆ. ಯಾವುದಕ್ಕೂ ಮೊದಲು ಬೈಟ್‌ಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವ ಬಿನ್‌ಟುಹೆಕ್ಸ್ ಹಾಕಿ ಅವನ್ನು ಕಣ್ಣಾರೆ ನೋಡಿ. ನಾನು ಆ ಕೆಲಸವನ್ನು ಮೂರನೆಯ ದಿನ ಮಾಡಿದೆ.

ಗೋಕಾಕ
ಡೆಕ್‌ಬಿನ್‌ಗೆ 500 ಕೊಟ್ಟರೆ ಸಿಗುವುದು 111110100 ಎಂಬ ಬರಹ, ಒಂಬತ್ತು ಬೈಟ್. ಅದು ನಾವು ಓದುವುದಕ್ಕೆ, ಯಂತ್ರಕ್ಕಲ್ಲ.

ಇನ್ನೊಂದು, ಎರಡು ಬೈಟ್‌ನಲ್ಲಿ 65,535ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಒಂದು ಟ್ರ್ಯಾಕ್ಟರಿಗೆ ಅದು ಸಾಕು. ನಾವು ಅತಿಬುದ್ಧಿವಂತಿಕೆಯಿಂದ ದಿನದ ಮೊತ್ತವನ್ನೂ ಅಷ್ಟರಲ್ಲೇ ತುರುಕಿದೆವು. 70,000 ಕೆಜಿ ಅತ್ತ 4,464 ಆಗಿ ತಲುಪಿತು. ಪ್ಯಾಕ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ.

ಬಾಗಲಕೋಟೆ, ನವನಗರ
ಹೆಸರಿನ ಕಸದ ಬಗ್ಗೆ ನಾನು ಹೇಳುತ್ತೇನೆ, ಅದರಲ್ಲಿ ನನ್ನದು ಹಳೆಯ ಗಾಯ. ಬೆಳಗಾವಿ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಪಿಎಚ್‌ಪಿಯಲ್ಲಿ ಅಕ್ಷರ ಎಣಿಸುವ ಎಂಬಿ_ಸ್ಟರ್‌ಲೆನ್ ಏಳು ಎನ್ನುತ್ತದೆ, ಏಕೆಂದರೆ ಎತ್ವ, ದೀರ್ಘ, ಗುಡಿಸುಗಳಿಗೂ ಪ್ರತ್ಯೇಕ ಲೆಕ್ಕ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ದೊಡ್ಡ ಎ 20 ಅಕ್ಷರ ನೋಡುವುದಿಲ್ಲ, ಬೈಟ್ ಎಣಿಸಿ ಕತ್ತರಿಸುತ್ತದೆ. ಗುಡಿಸಿನ ಮೂರನೆಯ ಬೈಟ್ ಹಾರಿಹೋಯಿತು, ಉಳಿದ ಎರಡು ನಿಮ್ಮ ಕಸ. ಎಂಬಿ_ಸ್ಟರ್‌ಕಟ್‌ನಿಂದ 20ಕ್ಕೆ ಮೊದಲೇ ಕತ್ತರಿಸಿಕೊಂಡರೆ ಅರ್ಧ ಅಕ್ಷರ ಉಳಿಯುವುದಿಲ್ಲ, ಆದರೆ ಊರು ‘ಬೆಳಗಾವ’ ಆಗುತ್ತದೆ. ಬಸವನಬಾಗೇವಾಡಿಗೆ 36 ಬೈಟ್ ಬೇಕು, ಅವರಿಗೆ ಏನು ಹೇಳುತ್ತೀರಿ? ಎರಡೂ ಕಡೆ ಊರುಗಳ ಪಟ್ಟಿ ಇಟ್ಟುಕೊಂಡು ಹೆಸರಿನ ಬದಲು ಊರಿನ ಸಂಖ್ಯೆ ಕಳಿಸಿ.

ಮುಧೋಳ
ತಮ್ಮಾ, ಕಾಟಾದ ಮೇಲಿನ ಕೆಸರು ತೊಳೆದ ದಿನವೂ ಒಮ್ಮೆ ಪರೀಕ್ಷಿಸು. ನಮ್ಮದು ಖಾಲಿ ಇದ್ದಾಗ ಮೈನಸ್ 20 ತೋರಿಸುತ್ತಿತ್ತು, ಬೈಟ್‌ಗಳನ್ನು ಮತ್ತೆ ಮೌಲ್ಯಗಳಾಗಿಸುವ ಅನ್‌ಪ್ಯಾಕ್ ಅದನ್ನು 65,516 ಎಂದು ಬಿಚ್ಚಿತು. ಸಣ್ಣ ವಿಗೆ ಋಣ ಸಂಖ್ಯೆ ಗೊತ್ತಿಲ್ಲ. 32,768 ಅಥವಾ ಅದಕ್ಕಿಂತ ಹೆಚ್ಚು ಬಂದರೆ 65,536 ಕಳೆಯಬೇಕು. ಅನ್‌ಪ್ಯಾಕ್‌ನಲ್ಲಿ ಪ್ರತಿ ಅಂಶಕ್ಕೂ ಹೆಸರು ಕೊಡು. ಹೆಸರಿಲ್ಲದಿದ್ದರೆ ಎರಡನೆಯದು ಮೊದಲನೆಯದರ ಮೇಲೆ ಕುಳಿತುಬಿಡುತ್ತದೆ.

ವಿಜಯಪುರ, ಮತ್ತೆ
ಸಣ್ಣ ವಿ ಹಾಕಿದೆ, 500 ಈಗ 500 ಆಗಿಯೇ ಬಂತು. ಊರುಗಳ ಪಟ್ಟಿಯ ಕೆಲಸ ನಾಳೆ. ಮುಧೋಳದ ಅಣ್ಣಾ, ನಮ್ಮ ಕಾಟಾ ತೊಳೆಸಿ ನೋಡಿದೆ: ಮೈನಸ್ 40. ಯಾರ್ಡಿನ ಪರದೆಯಲ್ಲಿ 65,496. ಓದುವ ಪ್ರೋಗ್ರಾಂ ತಿದ್ದುವ ಅಧಿಕಾರ ನನಗಿಲ್ಲ, ಆದ್ದರಿಂದ ಸೊನ್ನೆಗಿಂತ ಕಡಿಮೆ ಬಂದರೆ ಕಳಿಸುವುದನ್ನೇ ತಡೆದು, ಕಾಟಾದವರಿಗೆ ಸೊನ್ನೆ ಮಾಡಲು ಹೇಳುವಂತೆ ಬರೆದಿದ್ದೇನೆ.