ಸಹಾಯ ಬೇಕು: ಥೆರಪಿ ನಾಯಿ ಬೆಲ್ಲನಿಗೆ ಮಣ್ಣು ಮಾಡಲು ಜಾಗ, ಮಕ್ಕಳಿಗೊಂದು ಹೆಜ್ಜೆ ಗುರುತು

ವಿಶೇಷ ಮಕ್ಕಳ ಜತೆಗಾರ ಬೆಲ್ಲ (ಲ್ಯಾಬ್ರಡಾರ್, 11 ವರ್ಷ) ಇವತ್ತು ಬೆಳಗ್ಗೆ ಹೋಗಿಬಿಟ್ಟ. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ ಕಡೆ ಯಾರದಾದರೂ ತೋಟದಲ್ಲಿ ಜಾಗ ಸಿಗಬಹುದಾ? ಸಂಜೆಯೊಳಗೆ ಬೇಕು.

ಎತ್ತರದ ಒಣ ಭೂಮಿಯೇ ಆಗಬೇಕು. ನಾಲೆ ಬಯಲಿನ ಗದ್ದೆ ಬೇಡ, ಎರಡು ಮೂರಡಿ ಅಗೆಯುವಷ್ಟರಲ್ಲಿ ನೀರು ಜಿನುಗುತ್ತೆ. ಬಾವಿ, ಬೋರ್‌ವೆಲ್‌ಗಳಿಂದ ದೂರ ಇರಲಿ. ಗುಂಡಿ ನಾಲ್ಕಡಿ ತೆಗೆದರೆ ಮೇಲೆ ಮೂರಡಿ ಮಣ್ಣು ಬೀಳುತ್ತೆ. ಇದರಲ್ಲಿ ಚೌಕಾಸಿ ಬೇಡ: ನೋವಿಲ್ಲದೆ ಪ್ರಾಣ ಹೋಗಲೆಂದು ಕೊನೆಗೆ ಕೊಟ್ಟದ್ದು ಬಾರ್ಬಿಚುರೇಟ್ ಅನ್ನೋ ಔಷಧಿಯ ಇಂಜೆಕ್ಷನ್, ಅದು ದೇಹದಲ್ಲೇ ಉಳಿಯುತ್ತೆ, ಕೆದರಿ ತಿಂದ ಬೀದಿನಾಯಿಯೂ ಸಾಯಬಹುದು. ಸುತ್ತಲು ಹತ್ತಿ ಪಂಚೆ ಸಾಕು, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಮೇಲೊಂದು ಚಪ್ಪಡಿ ಕಲ್ಲು ಬೇಕು. ಸಂಪಿಗೆ ಗಿಡವನ್ನು ಗುಂಡಿಯ ಮೇಲೇ ನೆಟ್ಟರೆ ಎಳೆ ಬೇರು ಸುಡುತ್ತೆ, ಮೂರಡಿ ಪಕ್ಕಕ್ಕೆ ನೆಡೋಣ.

ಇನ್ನೊಂದು, ಮಕ್ಕಳಿಗಾಗಿ ಬೆಲ್ಲನ ಹೆಜ್ಜೆ ಗುರುತು, ಇದು ಮಣ್ಣು ಮಾಡುವ ಮೊದಲೇ ಆಗಬೇಕು. ಕುಂಬಾರಗೇರಿ ಕಡೆಯವರು ಯಾರಾದರೂ ಎರಡು ಕೆಜಿ ಹದವಾದ ಜೇಡಿಮಣ್ಣು ತರುವಿರಾ? ಪಾದದ ಸಂದಿನ ಕೂದಲು ಕತ್ತರಿಸಿ, ತೊಳೆದು ಒರೆಸಿ, ಒಂದಿಂಚು ದಪ್ಪದ ಮಣ್ಣಿಗೆ ನೇರವಾಗಿ ಒತ್ತಿ ತೆಗೆಯಬೇಕು. ಅಲುಗಿಸಿದರೆ ಗುರುತು ಕದಡುತ್ತೆ. ಅದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ಯುವುದು: ಒಂದು ಲೋಟ ನೀರಿಗೆ ಎರಡು ಲೋಟ ಪುಡಿ. ಪುಡಿಯನ್ನೇ ನೀರಿಗೆ ಉದುರಿಸಿ, ಇಲ್ಲದಿದ್ದರೆ ಗಂಟಾಗುತ್ತೆ. ನೀರು ಹೆಚ್ಚಾದರೆ ಒಣಗಿದ ಮೇಲೆ ಪುಡಿಪುಡಿ.

ಮಕ್ಕಳಿಗೆ "ಬೆಲ್ಲ ಮಲಗಿದ್ದಾನೆ" ಅಂತ ದಯವಿಟ್ಟು ಯಾರೂ ಹೇಳಬೇಡಿ, ಆಮೇಲೆ ಅವು ಮಲಗೋಕೇ ಹೆದರುತ್ತವೆ. ಸತ್ತುಹೋದ, ಇನ್ನು ಬರಲ್ಲ ಅಂತ ನೇರವಾಗಿ ಹೇಳಿ.

ಜಾಗ ಇರುವವರು ಊರು, ಓಮ್ನಿ ಹೋಗುವ ದಾರಿ ಎರಡನ್ನೂ ತಿಳಿಸಿ. ಗುದ್ದಲಿ, ಹಾರೆ ನಾವೇ ತರುತ್ತೇವೆ.