ಅಪ್‌ಡೇಟ್: ಎರಡೂ ಬುಲ್‌ಡಾಗ್ ಮರಿಗಳು ನಮ್ಮಲ್ಲೇ ಇವೆ

ಒಂದೇ ಸೂಲಿನ ಎರಡು ಬುಲ್‌ಡಾಗ್ ಮರಿ ತಂದಿದ್ದೇವೆ, ಬಟ್ಟಲಿಗೆ ಕಿತ್ತಾಡುತ್ತವೆ, ಕರೆದರೆ ತಿರುಗಿಯೂ ನೋಡಲ್ಲ, ಒಂದನ್ನು ಯಾರಿಗಾದರೂ ಕೊಟ್ಟುಬಿಡಬೇಕಾ ಅಂತ ಕೇಳಿದ್ದೆ. ಕೊಡಲಿಲ್ಲ.

ಬೇರೆ ಬೇರೆ ಮಲಗಿಸಿ ಅಂದವರಿಗೆ ಥ್ಯಾಂಕ್ಸ್. ಗುಂಡ ಈಗ ಹಾಲ್‌ನಲ್ಲಿ, ಪುಟ್ಟಿ ಒಳಗಿನ ರೂಮಲ್ಲಿ. ಶುರುವಿನಲ್ಲಿ ರಾತ್ರಿಯೆಲ್ಲ ಗೋಳೋ ಅಂತ ಅತ್ತವು, ಪಕ್ಕದ ಮನೆಯವರು ಬಂದು ವಿಚಾರಿಸಿಕೊಂಡು ಹೋದರು. ಆಮೇಲೆ ತಣ್ಣಗಾದವು. ಊಟ, ವಾಕಿಂಗ್, ತರಬೇತಿ ಎಲ್ಲ ಒಂದೊಂದಕ್ಕೇ. ಪುಟ್ಟಿ ಹೆಸರು ಹಿಡಿದು ಕರೆದರೆ ಓಡಿ ಬರುತ್ತಾಳೆ. ಗುಂಡ ಯೋಚನೆ ಮಾಡಿ ಬರುತ್ತಾನೆ.

ನಿಜವಾದ ತಲೆನೋವು ಕಲಬುರಗಿ ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಇವುಗಳದ್ದು ಚಪ್ಪಟೆ ಮೂಗು. ನಾಯಿಗಳು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳೋದು, ಇವಕ್ಕೆ ಅದೇ ಕಷ್ಟ. ಹಾಗಾಗಿ ಹೊತ್ತು ಹುಟ್ಟುವ ಮೊದಲೇ ಅಪ್ಪನ ಕೆರೆ ಕಡೆ ಹೋಗಿ ಬರುತ್ತೇವೆ. ಮಧ್ಯಾಹ್ನ ಶಹಾಬಾದ್ ಕಲ್ಲಿನ ನೆಲಕ್ಕೆ ಹೊಟ್ಟೆ ಹಚ್ಚಿ, ಹಿಂಗಾಲು ಎರಡೂ ಹಿಂದಕ್ಕೆ ಚಾಚಿ ಬಿದ್ದಿರುತ್ತವೆ. ಟೈಲ್ಸ್ ಹಾಕಿಸಿಲ್ಲ ಅಂತ ಇನ್ನು ಯಾರೂ ಗೊಣಗೋ ಹಾಗಿಲ್ಲ!

ಮುಖದ ಮಡಿಕೆಗಳನ್ನು ದಿನಾ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ತೇವ ಉಳಿದರೆ ಕೆಂಪಾಗಿ ವಾಸನೆ ಬರುತ್ತೆ. ಮೊನ್ನೆ ಗುಂಡನ ಮಡಿಕೆಯಲ್ಲಿ ಜೋಳದ ರೊಟ್ಟಿ ಚೂರು ಸಿಕ್ಕಿತು. ಕೊಟ್ಟವರು ಅವ್ವ, ಒಪ್ಪಿಕೊಳ್ಳುತ್ತಿಲ್ಲ.

ಚೆಂಡಿನ ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಎರಡೂ ಒಟ್ಟಿಗಿದ್ದಾಗ ಚೆಂಡು ಎತ್ತಿಟ್ಟುಬಿಡುತ್ತೇವೆ. ದೊಡ್ಡವಾದ ಮೇಲೆ ಇದು ಜಾಸ್ತಿ ಆಗುತ್ತಾ? ಜೋಡಿ ಸಾಕಿದವರು ಹೇಳಿ.