ಪಾಪು ತೊಟ್ಟಿನ ತುದಿ ಮಾತ್ರ ಕಚ್ಚುತ್ತಾಳೆ, ಬಾಟಲ್ ಆದರೆ ಸಲೀಸು. ಏನು ಮಾಡಲಿ?

ಶಿಡ್ಲಘಟ್ಟದ ಬಾಣಂತಿ:

ಅಕ್ಕಂದಿರೇ, ನನಗೆ ಇದು ಮೊದಲ ಹೆರಿಗೆ. ಪಾಪುವಿಗೆ ಇವತ್ತಿಗೆ 12 ದಿನ. ಸಿಸೇರಿಯನ್ ಆಗಿದೆ, ಈಗ ಶಿಡ್ಲಘಟ್ಟದಲ್ಲಿ ತವರುಮನೆಯಲ್ಲಿ ಇದ್ದೇನೆ. ಹುಟ್ಟಿದ ಮೂರನೇ ದಿನ ಕಾಮಾಲೆ ಎಂದು ಅವಳನ್ನು ಎರಡು ದಿನ ಲೈಟಿನ ಕೆಳಗೆ ಇಟ್ಟಿದ್ದರು. ನನಗೆ ಹೊಲಿಗೆ ನೋವು, ಪದೇ ಪದೇ ಎದ್ದು ಹೋಗಿ ಕುಡಿಸಲು ಆಗಲಿಲ್ಲ. ಅಲ್ಲಿಯೇ ಬಾಟಲಿನಲ್ಲಿ ಪುಡಿ ಹಾಲು ಕೊಟ್ಟರು. ಅಲ್ಲಿಂದ ಶುರುವಾಯಿತು ಈ ಕಷ್ಟ.

ಎದೆಗೆ ಹಾಕಿಕೊಂಡರೆ ತೊಟ್ಟಿನ ತುದಿಯನ್ನು ಮಾತ್ರ ಬಾಯಿಗೆ ತೆಗೆದುಕೊಳ್ಳುತ್ತಾಳೆ. ಮೊದಲ ಎಳೆತಕ್ಕೆ ನನ್ನ ಕಾಲ್ಬೆರಳುಗಳು ಮುದುಡಿಕೊಳ್ಳುತ್ತವೆ, ಅಷ್ಟು ನೋವು. ಕುಡಿಯುವಾಗ ಟಕ್ ಟಕ್ ಅಂತ ಸದ್ದು ಬರುತ್ತದೆ. ಬಿಟ್ಟಾಗ ನೋಡಿದರೆ ತೊಟ್ಟು ಒಂದು ಕಡೆ ಚಪ್ಪಟೆಯಾಗಿ ಬೆಳ್ಳಗಾಗಿರುತ್ತದೆ. ಎಡಗಡೆ ಬಿರುಕು ಬಿಟ್ಟು ನಿನ್ನೆ ರಕ್ತ ಕೂಡ ಬಂತು. ಮುಕ್ಕಾಲು ಗಂಟೆ ಚೀಪಿದರೂ ಕೆಳಗೆ ಮಲಗಿಸಿದ ತಕ್ಷಣ ಅಳು. ಆಮೇಲೆ ಬಾಟಲ್ ಕೊಟ್ಟರೆ 60 ಎಂಎಲ್ ಐದೇ ನಿಮಿಷದಲ್ಲಿ ಖಾಲಿ ಮಾಡಿ ನಿದ್ದೆ ಹೋಗುತ್ತಾಳೆ.

ಇದನ್ನು ನೋಡಿ ಅಜ್ಜಿ "ನಿನ್ನ ಎದೆಯಲ್ಲಿ ಹಾಲಿಲ್ಲ ಕಣೇ, ಸುಮ್ನೆ ಮಗೂನ ಅಳಿಸ್ತೀಯ" ಅನ್ನುತ್ತಾರೆ. ಅತ್ತೆಯವರೂ ಫೋನಿನಲ್ಲಿ ಅದನ್ನೇ ಹೇಳುತ್ತಾರೆ. ಆದರೆ ಒಂದು ಕಡೆ ಕುಡಿಸುವಾಗ ಇನ್ನೊಂದು ಕಡೆ ಹಾಲು ತೊಟ್ಟಿಕ್ಕಿ ರವಿಕೆ ಪೂರ್ತಿ ನೆನೆಯುತ್ತದೆ. ಹಾಲಿಲ್ಲದಿದ್ದರೆ ಇದು ಎಲ್ಲಿಂದ ಬರುತ್ತದೆ?

ಹುಟ್ಟಿದಾಗ ತೂಕ 2.9 ಕೆಜಿ, ಹತ್ತನೇ ದಿನ ನೋಡಿಸಿದಾಗ 2.76. ದಿನಕ್ಕೆ ಏಳೆಂಟು ಬಟ್ಟೆ ಒದ್ದೆ ಮಾಡುತ್ತಾಳೆ. ಬಾಟಲ್ ದಿನಕ್ಕೆ ಮೂರು ಸಲ ಕೊಡುತ್ತಿದ್ದೇವೆ. ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಮುಂದೆ ಕೆಲಸಕ್ಕೆ ಹೋಗಬೇಕು, ಹಾಗಾಗಿ ಬಾಟಲ್ ಪೂರ್ತಿ ಬೇಡ ಅನ್ನಲೂ ಆಗುವುದಿಲ್ಲ. ಬಾಯಿ ಸರಿಯಾಗಿ ಹಿಡಿಸುವುದು ಹೇಗೆ? ಬಾಟಲ್ ಕೊಡುತ್ತಾ ಹೋದರೆ ಎದೆಯನ್ನು ಮರೆತೇ ಬಿಡುತ್ತಾಳಾ?

ತುಮಕೂರಿನ ಎರಡು ಮಕ್ಕಳ ತಾಯಿ:

ನೀವು ಬರೆದಿದ್ದನ್ನು ಓದಿ ನನ್ನ ದೊಡ್ಡ ಮಗನ ದಿನಗಳು ಕಣ್ಣ ಮುಂದೆ ಬಂದವು. ನನಗೂ ಸಿಸೇರಿಯನ್, ನನಗೂ ಎರಡೂ ಕಡೆ ಬಿರುಕು. ಕುಡಿಸುವ ಹೊತ್ತು ಹತ್ತಿರ ಬಂದರೆ ಭಯವಾಗುತ್ತಿತ್ತು. ಬಾಣಂತಿಗೆ ಇದೆಲ್ಲ ಮಾಮೂಲು, ಸಹಿಸಿಕೋ ಎಂದೇ ಎಲ್ಲರೂ ಹೇಳಿದರು. ಮೊದಲ ವಾರ ಎಳೆತ ಶುರುವಾದಾಗ ಸ್ವಲ್ಪ ಚುರುಕ್ ಅನ್ನುವುದು ಬೇರೆ. ಕುಡಿಸಿ ಮುಗಿಯುವವರೆಗೂ ನೋವು, ರಕ್ತ, ಚಪ್ಪಟೆಯಾದ ತೊಟ್ಟು ಇವೆಲ್ಲ ಮಾಮೂಲು ಅಲ್ಲ. ಮಗು ಬಾಯಿ ತುಂಬ ಹಿಡಿದಿಲ್ಲ ಅಂತ ಅರ್ಥ.

ಈಗಲೇ ಒಂದು ಕೆಲಸ ಮಾಡಿ. ನಿಮ್ಮ ನಾಲಿಗೆ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟು ಹಾಗೇ ಅಂಗುಳಿನ ಮೇಲೆ ಹಿಂದಕ್ಕೆ ಸವರಿ ನೋಡಿ. ಮುಂದೆ ಗಟ್ಟಿ, ಒಳಗೆ ಹೋದಂತೆ ಮೆತ್ತಗೆ, ಅಲ್ವಾ? ಪಾಪುವಿನ ಬಾಯಲ್ಲಿ ನಿಮ್ಮ ತೊಟ್ಟು ಆ ಮೆತ್ತನೆ ಜಾಗದ ಹತ್ತಿರ ಹೋಗಬೇಕು. ಮುಂದೆಯೇ ನಿಂತರೆ ನಾಲಿಗೆಗೂ ಗಟ್ಟಿ ಅಂಗುಳಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ, ಅದಕ್ಕೇ ಚಪ್ಪಟೆ. ಹಾಲೂ ಸರಿಯಾಗಿ ಬರುವುದಿಲ್ಲ. ಆದ್ದರಿಂದ ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಕೆಳಗಿನ ಕಡೆ ಜಾಸ್ತಿ.

ನನಗೆ ಒಬ್ಬ ವಾರ್ಡ್ ಸಿಸ್ಟರ್ ಪಕ್ಕದಲ್ಲಿ ಕೂತು ತೋರಿಸಿಕೊಟ್ಟಿದ್ದು ಹೀಗೆ. ಹೊಲಿಗೆ ಮೇಲೆ ಭಾರ ಬೀಳಬಾರದು, ಅದಕ್ಕೆ ಮಗುವನ್ನು ಹೊಟ್ಟೆಗೆ ಅಡ್ಡ ಮಲಗಿಸಿಕೊಳ್ಳದೆ ಪಕ್ಕದಲ್ಲಿ ಹಿಡಿಯಬೇಕು. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡ ಹಾಗೆ. ಪಕ್ಕಕ್ಕೆ ಎರಡು ದಿಂಬು, ಅದರ ಮೇಲೆ ಮಗು, ಕಾಲು ನಿಮ್ಮ ಕಂಕುಳ ಕೆಳಗಿಂದ ಹಿಂದಕ್ಕೆ. ಅಂಗೈ ಅವಳ ಬೆನ್ನು, ಭುಜದ ಮೇಲೆ ಇರಲಿ, ಬೆರಳುಗಳು ಕಿವಿಯ ಕೆಳಗೆ ಕತ್ತಿಗೆ ಆಸರೆಯಾಗಿರಲಿ. ತಲೆಯ ಹಿಂದೆ ಕೈ ಇಟ್ಟು ಒತ್ತಬೇಡಿ, ಒತ್ತಿದರೆ ಮಕ್ಕಳು ತಲೆಯನ್ನು ಹಿಂದಕ್ಕೆ ಸೆಳೆಯುತ್ತವೆ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿ ಇರಬೇಕು. ಕತ್ತು ತಿರುಗಿಸಿ ನೀರು ಕುಡಿದು ನೋಡಿ, ಯಾಕೆ ಅಂತ ಗೊತ್ತಾಗುತ್ತದೆ.

ಆಮೇಲೆ ತೊಟ್ಟನ್ನು ಬಾಯಿಗೆ ನೇರ ಇಡಬೇಡಿ, ಮೂಗಿನ ಎದುರಿಗೆ ಇಡಿ. ಮೇಲ್ದುಟಿಗೆ ಸವರಿ ಕಾಯಿರಿ. ಸ್ವಲ್ಪ ಬಾಯಿ ತೆರೆದರೆ ಕೊಡಬೇಡಿ. ಆಕಳಿಸುವಷ್ಟು ದೊಡ್ಡದಾಗಿ ತೆರೆಯುವ ಒಂದು ಕ್ಷಣ ಬರುತ್ತದೆ, ಆಗ ಅವಳನ್ನು ಎದೆಗೆ ತನ್ನಿ. ಎದೆಯನ್ನು ಅವಳ ಹತ್ತಿರ ಬಗ್ಗಿಸಬೇಡಿ. ಮೊದಲು ಗದ್ದ ಎದೆಗೆ ತಾಗಬೇಕು. ಕೆಳದುಟಿ ಹೊರಕ್ಕೆ ಮಡಚಿರಬೇಕು, ಕೆನ್ನೆ ಉಬ್ಬಿರಬೇಕು, ಗುಳಿ ಬೀಳಬಾರದು. ನೋವಾದರೆ ಸಹಿಸಿಕೊಂಡು ಕೂರಬೇಡಿ. ಎಳೆದು ಬಿಡಿಸಲೂ ಬೇಡಿ, ಬಿರುಕು ಇನ್ನೂ ಜಾಸ್ತಿಯಾಗುತ್ತದೆ. ತೊಳೆದ ಕಿರುಬೆರಳನ್ನು ಅವಳ ಬಾಯಿಯ ಮೂಲೆಯಿಂದ ಒಳಗೆ ತೂರಿಸಿ, ಹಿಡಿತ ಬಿಡುತ್ತದೆ, ಮತ್ತೆ ಮೊದಲಿಂದ. ನಾನು ಒಂದೊಂದು ಸಲಕ್ಕೆ ಏಳೆಂಟು ಬಾರಿ ಬಿಡಿಸಿ ಹಾಕಿದ್ದೇನೆ. ನಾಲ್ಕನೇ ದಿನಕ್ಕೆ ಅವನಿಗೇ ಅಭ್ಯಾಸವಾಯಿತು.

ಕೋಲಾರದ ನರ್ಸ್:

ಮೇಲಿನ ಅಕ್ಕ ಹೇಳಿದ್ದು ಸರಿಯಾಗಿದೆ. ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಇನ್ನು ಕೆಲವು ಮಾತು ಸೇರಿಸುತ್ತೇನೆ.

ಮೊದಲು ಅಜ್ಜಿಯ ವಿಷಯ. ಅವರಿಗೆ ಮಗುವಿನ ಮೇಲೆ ಪ್ರೀತಿ ಇರುವುದಕ್ಕೇ ಹಾಗೆ ಹೇಳುತ್ತಾರೆ, ಜಗಳ ಬೇಡ. ನಮ್ಮ ಕಡೆ ಹಸು ಕಟ್ಟದ ಮನೆ ಕಮ್ಮಿ, ಅವರಿಗೆ ಹಸುವಿನ ಲೆಕ್ಕದಲ್ಲೇ ಹೇಳಿ. ಕೆಚ್ಚಲಲ್ಲಿ ಹಾಲು ಉಳಿಸಿ ಕರೆದರೆ ದಿನದಿಂದ ದಿನಕ್ಕೆ ಹಾಲು ಇಳಿಯುತ್ತದೆ, ಪೂರ್ತಿ ಕರೆದರೆ ಮತ್ತೆ ತುಂಬುತ್ತದೆ, ಅಲ್ವಾ? ತಾಯಿಗೂ ಅಷ್ಟೇ. ಪಾಪು ಸರಿಯಾಗಿ ಹಿಡಿಯದೆ ಎದೆ ಖಾಲಿ ಮಾಡುವುದಿಲ್ಲ, ಆ ಹೊತ್ತಿಗೆ ಬಾಟಲ್ ಬರುತ್ತದೆ, ಎದೆಗೆ ಬೇಡಿಕೆ ಇಲ್ಲ ಅಂತಾಗಿ ಹಾಲು ಕಮ್ಮಿಯಾಗುತ್ತದೆ. ಆಮೇಲೆ ನಿಜವಾಗಿಯೂ ಸಾಲದೇ ಹೋಗಬಹುದು. ಹಸು ಕರುವನ್ನು ಬಿಟ್ಟಾಗ ಸೊರೆ ಬಿಡುತ್ತದಲ್ಲ, ನಿಮಗೆ ಇನ್ನೊಂದು ಕಡೆ ರವಿಕೆ ನೆನೆಯುವುದು ಅದೇ. ಇನ್ನೊಂದು ವಿಷಯ, ಪುಡಿ ಹಾಲಿನ ಡಬ್ಬಿಯ ಮೇಲೆ ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂದು ಬರೆಯಲೇಬೇಕು, 1992ರ ಕಾಯ್ದೆಯಲ್ಲೇ ಹಾಗಿದೆ. ಡಬ್ಬಿಯನ್ನು ತಿರುಗಿಸಿ ಅಜ್ಜಿಗೆ ಓದಿ ಹೇಳಿ.

ಹಾಗಂತ ನಾಳೆಯಿಂದ ಪುಡಿ ಹಾಲನ್ನು ಒಂದೇ ಸಲ ನಿಲ್ಲಿಸಬೇಡಿ. ತೂಕ ಇನ್ನೂ ಹುಟ್ಟಿದ ತೂಕಕ್ಕೆ ಬಂದಿಲ್ಲ. ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜ, ಸಾಮಾನ್ಯವಾಗಿ ಎರಡು ವಾರದೊಳಗೆ ವಾಪಸ್ ಬರಬೇಕು. ಆದ್ದರಿಂದ ಮೊದಲು ಎದೆ, ಆಮೇಲೆ ಬೇಕಾದಷ್ಟು ಮಾತ್ರ ಮೇಲಿನ ಹಾಲು. ಅದೂ ಸಾಧ್ಯವಾದರೆ ನಿಮ್ಮ ಹಾಲನ್ನೇ ಕೈಯಲ್ಲಿ ಹಿಂಡಿ ಒಳಲೆಯಲ್ಲಿ ಕೊಡಿ. ಅಜ್ಜಿಯ ಹತ್ತಿರ ಬೆಳ್ಳಿ ಒಳಲೆ ಇದ್ದೇ ಇರುತ್ತದೆ, ನೀರಲ್ಲಿ ಕುದಿಸಿ ಉಪಯೋಗಿಸಿ. ತಲೆ ಎತ್ತಿ ಹಿಡಿದು ತುಟಿಗೆ ತಾಗಿಸಿ, ಅವಳೇ ನೆಕ್ಕಿಕೊಳ್ಳಲಿ, ಬಾಯಿಗೆ ಸುರಿಯಬೇಡಿ. ತೂಕ ಏರುತ್ತಿದ್ದ ಹಾಗೆ ಡಾಕ್ಟರನ್ನು ಕೇಳಿ ಮೇಲಿನ ಹಾಲನ್ನು ಕಮ್ಮಿ ಮಾಡುತ್ತಾ ಬನ್ನಿ. ಪುಡಿ ಹಾಲು ಉಳಿಯಲಿ ಎಂದು ತೆಳುವಾಗಿ ಕಲಸುವುದು, ಒಮ್ಮೆ ಕುಡಿದು ಮಿಕ್ಕಿದ್ದನ್ನು ಮತ್ತೆ ಕೊಡುವುದು ಎರಡೂ ಬೇಡ.

ಹಿಡಿತ ಸರಿಯಾಯಿತಾ ಅಂತ ಗೊತ್ತಾಗುವುದು ಹೇಗೆ ಅಂದರೆ, ಮೊದಲು ಪಟಪಟ ಎಂದು ಚೀಪುತ್ತಾಳೆ, ಒಂದೆರಡು ನಿಮಿಷಕ್ಕೆ ಹಾಲು ಇಳಿದ ಮೇಲೆ ಎಳೆತ ನಿಧಾನವಾಗಿ ಆಳವಾಗುತ್ತದೆ. ದವಡೆ ಕೆಳಗೆ ಇಳಿದು ಒಂದು ಕ್ಷಣ ನಿಲ್ಲುತ್ತದೆ, ಗುಟುಕರಿಸುವ ಸದ್ದು ಕೇಳುತ್ತದೆ. ಟಕ್ ಟಕ್ ನಿಂತಿರುತ್ತದೆ. ಬಿಟ್ಟಾಗ ತೊಟ್ಟು ದುಂಡಗೇ ಇರುತ್ತದೆ. ಬಿಗಿದ ಮುಷ್ಟಿ ತಾನಾಗಿ ಬಿಚ್ಚಿಕೊಳ್ಳುತ್ತದೆ. 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಸಬೇಕು. ಜೋರಾಗಿ ಅಳುವವರೆಗೆ ಕಾಯಬೇಡಿ, ಕೈ ಬಾಯಿಗೆ ತರುವಾಗ, ತಲೆ ಆ ಕಡೆ ಈ ಕಡೆ ಹೊರಳಿಸುವಾಗಲೇ ಎತ್ತಿಕೊಳ್ಳಿ. ಅಳುವ ಮಗು ನಾಲಿಗೆಯನ್ನು ಮೇಲೆತ್ತಿರುತ್ತದೆ, ಆಗ ಹಿಡಿಯಲು ಬರುವುದಿಲ್ಲ.

ಬಿರುಕಿಗೆ ಕುಡಿಸಿದ ಮೇಲೆ ಎರಡು ಹನಿ ನಿಮ್ಮ ಹಾಲನ್ನೇ ಸವರಿ ಗಾಳಿಗೆ ಆರಲು ಬಿಡಿ. ಪ್ರತಿ ಸಲ ಸೋಪು ಹಾಕಿ ತೊಳೆಯಬೇಡಿ. ಎದೆ ಒಂದು ಕಡೆ ಗಟ್ಟಿಯಾಗಿ ಕೆಂಪಾಗಿ ಜ್ವರ ಬಂದರೆ ತಡಮಾಡದೆ ತೋರಿಸಿ, ಆದರೆ ಆ ಕಡೆ ಕುಡಿಸುವುದನ್ನು ನಿಲ್ಲಿಸಬೇಡಿ. ಪಾಪು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಒದ್ದೆ ಬಟ್ಟೆ ಆರಕ್ಕಿಂತ ಕಮ್ಮಿಯಾದರೆ, ಮೈ ಬಿಸಿಯಾದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಇಷ್ಟೆಲ್ಲ ಮಾಡಿದರೂ ಹಿಡಿತ ಬರದಿದ್ದರೆ ನಾಲಿಗೆ ಕೆಳಗಿನ ಪೊರೆ ಗಿಡ್ಡವಾಗಿದೆಯಾ ಎಂದು ಮಕ್ಕಳ ಡಾಕ್ಟರ್ ಹತ್ತಿರ ನೋಡಿಸಿ. 14ನೇ ದಿನಕ್ಕೆ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು, ಬಂದಾಗ ತೂಕ ಮಾಡಿಸಿ, ಅವರ ಎದುರಿಗೇ ಒಮ್ಮೆ ಕುಡಿಸಿ ತೋರಿಸಿ.

ಚಿಂತಾಮಣಿ ಅಪ್ಪ:

ಗಂಡಸು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಬಾಟಲ್ ವಿಷಯ ಮಾತ್ರ ಹೇಳುತ್ತೇನೆ, ರಾತ್ರಿ ಬಾಟಲ್ ನನ್ನ ಕೆಲಸವಾಗಿತ್ತು. ಮಗ ನಿಧಾನವಾಗಿ ಕುಡಿಯುತ್ತಾನೆ ಎಂದು ಮನೆಯಲ್ಲಿ ಸೂಜಿ ಕಾಯಿಸಿ ನಿಪ್ಪಲ್ ತೂತನ್ನು ದೊಡ್ಡದು ಮಾಡಿದರು. ಒಂದು ರಾತ್ರಿ ಹಾಲು ನೆತ್ತಿಗೇರಿ ಮಗುವಿನ ಮುಖ ಕಪ್ಪಿಟ್ಟಿತು. ಬೋರಲು ಹಾಕಿ ಬೆನ್ನು ತಟ್ಟಿದ ಮೇಲೆ ಉಸಿರು ಬಂತು. ಆ ಒಂದು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಆಮೇಲೆ ಡಾಕ್ಟರ್ ಹೇಳಿಕೊಟ್ಟರು. ನಿಧಾನವಾಗಿ ಹನಿಯುವ, ಹುಟ್ಟಿದ ಮಕ್ಕಳ ನಿಪ್ಪಲ್ ತೆಗೆದುಕೊಳ್ಳಿ. ಮಗುವನ್ನು ಅಂಗಾತ ಮಲಗಿಸಬೇಡಿ, ತೊಡೆಯ ಮೇಲೆ ಬಹುಪಾಲು ನೆಟ್ಟಗೆ ಕೂರಿಸಿಕೊಳ್ಳಿ. ಬಾಟಲನ್ನು ತಲೆಕೆಳಗೆ ಎತ್ತಬೇಡಿ, ನೆಲಕ್ಕೆ ಸಮವಾಗಿ ಅಡ್ಡ ಹಿಡಿಯಿರಿ, ನಿಪ್ಪಲ್ಲಿನಲ್ಲಿ ಹಾಲು ಇದ್ದರೆ ಸಾಕು. ಬಾಟಲಿಗೂ ಎದೆಯ ಹಾಗೇ ತುಟಿಗೆ ಸವರಿ ಕಾಯಬೇಕು, ಬಾಯಿ ದೊಡ್ಡದಾಗಿ ತೆರೆದ ಮೇಲೆ ಬುಡದವರೆಗೆ ತೆಗೆದುಕೊಳ್ಳಲು ಬಿಡಬೇಕು. ತುದಿಯನ್ನು ಮಾತ್ರ ಚೀಪಲು ಬಿಟ್ಟರೆ ಅದೇ ಅಭ್ಯಾಸ ಎದೆಗೂ ಬರುತ್ತದೆ. ಕೆಲವು ಗುಟುಕು ಆದ ಮೇಲೆ ಬಾಟಲನ್ನು ಸ್ವಲ್ಪ ಕೆಳಗೆ ಇಳಿಸಿ ಉಸಿರಾಡಲು ಬಿಡಿ. ಅರ್ಧಕ್ಕೆ ತೋಳು ಬದಲಿಸಿ, ತೇಗು ಬರಿಸಿ. ಹದಿನೈದು ಇಪ್ಪತ್ತು ನಿಮಿಷ ಹಿಡಿಯಲಿ ಬಿಡಿ. ನಿಮ್ಮ ಪಾಪು ಐದು ನಿಮಿಷಕ್ಕೆ ಖಾಲಿ ಮಾಡುವುದು ಹಸಿವು ಅಂತಲೇ ಅಲ್ಲ, ಬಾಟಲ್ ತಾನಾಗಿ ಸುರಿಯುತ್ತಿರಬಹುದು, ಮಗು ನುಂಗದೆ ಬೇರೆ ದಾರಿ ಇರುವುದಿಲ್ಲ. ತಲೆ ತಿರುಗಿಸಿದರೆ ಸಾಕು ಅಂತ ಅರ್ಥ, ಮಿಕ್ಕಿದ್ದನ್ನು ಚೆಲ್ಲಿ. ದಿಂಬಿಗೆ ಬಾಟಲ್ ಒರಗಿಸಿ ಎದ್ದು ಹೋಗಲೇಬೇಡಿ.

ಗೌರಿಬಿದನೂರು ಅಕ್ಕ:

ನಾನು ಮೂರು ತಿಂಗಳು ಒದ್ದಾಡಿ ಕೊನೆಗೆ ಅರ್ಧ ಎದೆ, ಅರ್ಧ ಪುಡಿ ಹಾಲಿನಲ್ಲಿ ಮಗಳನ್ನು ಬೆಳೆಸಿದೆ. ಅವಳು ಈಗ ಒಂದನೇ ಕ್ಲಾಸು, ಚೆನ್ನಾಗಿದ್ದಾಳೆ. ಪ್ರಯತ್ನ ಪಡಿ, ಆದರೆ ಬಾಟಲ್ ಕೊಟ್ಟ ಪ್ರತಿ ಸಲ ಕೂತು ಅಳಬೇಡಿ ತಂಗಿ, ನಾನು ಹಾಗೆ ಅಳುತ್ತಾ ಮಗಳ ಆ ದಿನಗಳನ್ನು ಸರಿಯಾಗಿ ನೋಡಲೇ ಇಲ್ಲ.

ಮತ್ತೆ ನೀರು! ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ಬರುತ್ತದೆ ಎಂದು ನಮ್ಮ ಕಡೆ ಇನ್ನೂ ಹೇಳುತ್ತಾರೆ. ಕೇಳಬೇಡಿ. ಕುಡಿಸಲು ಕೂತಾಗ ಪಕ್ಕದಲ್ಲಿ ಒಂದು ಚೊಂಬು ಬಿಸಿ ನೀರು ಇಟ್ಟುಕೊಳ್ಳಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮುದ್ದೆ, ಸಾರು ಎಲ್ಲ ಹೊಟ್ಟೆ ತುಂಬ ತಿನ್ನಿ. ಪಾಪುವಿಗೆ ಮಾತ್ರ ಜೇನುತುಪ್ಪ, ಸಕ್ಕರೆ ನೀರು ಯಾರು ಹೇಳಿದರೂ ಬೇಡ.

ಶಿಡ್ಲಘಟ್ಟದ ಬಾಣಂತಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐದು ದಿನ ಬಿಟ್ಟು ಬರೆಯುತ್ತಿದ್ದೇನೆ, ಇಂದು 17ನೇ ದಿನ.

ಬಿಂದಿಗೆ ಹಾಗೆ ಹಿಡಿಯುವುದು ಮೊದಲ ದಿನ ಬರಲೇ ಇಲ್ಲ, ಕೈ ನಡುಗುತ್ತಿತ್ತು. ಅಮ್ಮ ದಿಂಬು ಸಾಲದು ಎಂದು ರಗ್ಗು ಮಡಚಿ ಇಟ್ಟರು, ಆಗ ಎತ್ತರ ಸರಿಹೋಯಿತು. ಮೊನ್ನೆ ಮಧ್ಯರಾತ್ರಿ, ಮೂಗಿನ ಎದುರಿಗೆ ಇಟ್ಟು ಕಾಯುತ್ತಿದ್ದೆ, ಇದ್ದಕ್ಕಿದ್ದ ಹಾಗೆ ಅಷ್ಟಗಲ ಬಾಯಿ ತೆರೆದಳು. ಹಾಕಿಕೊಂಡೆ. ನೋವಿಲ್ಲ, ಸುಮ್ಮನೆ ಒಂದು ಎಳೆತ. ಸ್ವಲ್ಪ ಹೊತ್ತಿಗೆ ಗುಟುಕ್ ಗುಟುಕ್ ಸದ್ದು. ಪಕ್ಕದಲ್ಲಿ ಮಲಗಿದ್ದ ಅಜ್ಜಿ ಎದ್ದು ಕೂತು "ಕುಡೀತಾ ಇದೆ ಕಣೇ" ಅಂದರು. ಮರುದಿನ ಅವರೇ ಪೆಟ್ಟಿಗೆಯಿಂದ ಒಳಲೆ ತೆಗೆದುಕೊಟ್ಟರು, ನಮ್ಮಮ್ಮನಿಗೆ ಕುಡಿಸಿದ್ದಂತೆ ಅದರಲ್ಲಿ.

ತೂಕ ಇವತ್ತು 2.94. ಡಾಕ್ಟರನ್ನು ಕೇಳಿ ಪುಡಿ ಹಾಲನ್ನು ದಿನಕ್ಕೆ ಒಂದು ಸಲಕ್ಕೆ ಇಳಿಸಿದ್ದೇವೆ, ಅದನ್ನೂ ಅಡ್ಡ ಹಿಡಿದು ಕೊಡುತ್ತಿದ್ದೇವೆ, ಈಗ ಹದಿನೈದು ನಿಮಿಷ ಹಿಡಿಯುತ್ತದೆ. ಬಲಗಡೆ ಪೂರ್ತಿ ಸರಿಹೋಗಿದೆ. ಎಡಗಡೆ ಮಾತ್ರ ಹತ್ತು ಸಲದಲ್ಲಿ ನಾಲ್ಕು ಸಲ ಇನ್ನೂ ತುದಿಗೇ ಜಾರುತ್ತಾಳೆ, ಆ ಕಡೆ ನನ್ನ ಕೈ ಓಡುವುದಿಲ್ಲ. ಎಡಗಡೆಗೆ ಮಲಗಿಕೊಂಡು ಕುಡಿಸಿದರೆ ಸುಲಭವಾಗುತ್ತದಾ? ಯಾರಾದರೂ ಮಾಡಿದ್ದರೆ ಹೇಳಿ.

ತುಮಕೂರಿನ ಎರಡು ಮಕ್ಕಳ ತಾಯಿ:

ಓದಿ ಕಣ್ಣು ತುಂಬಿತು. ಮಲಗಿಯೂ ಕುಡಿಸಬಹುದು, ಎಡ ಮಗ್ಗುಲಿಗೆ ತಿರುಗಿ, ಪಾಪುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವ ಹಾಗೆ, ಅವಳ ಬೆನ್ನ ಹಿಂದೆ ಆಸರೆಗೆ ಸುರುಳಿ ಸುತ್ತಿದ ಟವೆಲ್. ಮೂಗಿನ ಎದುರಿಗೆ ತೊಟ್ಟು ಎನ್ನುವುದು ಇಲ್ಲಿಯೂ ಅಷ್ಟೇ. ನಿಮಗೆ ನಿದ್ದೆ ಎಳೆಯುತ್ತಿದ್ದರೆ ಮಾತ್ರ ಅಮ್ಮ ಎಚ್ಚರವಾಗಿ ಪಕ್ಕದಲ್ಲಿ ಇರಲಿ, ಕುಡಿದು ಮುಗಿದ ಮೇಲೆ ಅಂಗಾತ ಮಲಗಿಸಿ, ಟವೆಲ್ ತೆಗೆಯಿರಿ.